ಹದಿನಾರು ರವಿಕೆ

ಟಿವಿ ಉಂಟು ಮಾರ್ರೆ, ಇಲ್ಲ ಅಂತಲ್ಲ.
ಅದು ಗೋಡೆಯಲ್ಲಿ, ಇವರ ಕಾಲಿನ ಆಚೆ.
ಕಾಲು ಹಗ್ಗದಲ್ಲಿ, ಹಗ್ಗದ ತುದಿಗೆ ಮರಳಿನ ಚೀಲ.
ವಾರ್ತೆ ಓದುವವಳ ಮುಖದ ಮೇಲೆ
ಇಪ್ಪತ್ತು ದಿನದಿಂದ ಇವರ ಹೆಬ್ಬೆರಳು.

ಇಪ್ಪತ್ತಾರು ವರ್ಷ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ
ನೇತಾಡಿ ಶಿಳ್ಳೆ ಹಾಕಿದ ಮನುಷ್ಯ
ಬಿದ್ದದ್ದು ನಮ್ಮದೇ ಬಚ್ಚಲಲ್ಲಿ.
ಈಗ ಅಂಗಾತ ಮಲಗಿ ಹೆಂಚು ಎಣಿಸುತ್ತಾರೆ,
ರಾತ್ರಿ ಟಿಕೇಟಿನ ಲೆಕ್ಕ ಕೊಟ್ಟ ಹಾಗೆ:
'ಮುನ್ನೂರ ಎಂಬತ್ತೆರಡು.
ನಿನ್ನೆ ಒಂದು ಕಡಿಮೆ ಬಂದಿತ್ತು.'

ಹಂಪನಕಟ್ಟೆಯ ಅಂಗಡಿಯಲ್ಲಿ ನೌಫಾಲ್ ಎಂಬ ಹುಡುಗ.
'ಪ್ರೊಜೆಕ್ಟರಾ ಆಂಟಿ? ಬಜೆಟ್ ಎಷ್ಟು?'
ಮದುಮಗಳ ಕಡೆಯದ್ದು ಹದಿನಾರು ರವಿಕೆ,
ಲೈನಿಂಗ್ ಸೇರಿ ಒಂದಕ್ಕೆ ನಾನೂರೈವತ್ತು.
ಅಷ್ಟೇ. ಅದರ ಮೇಲೆ ಒಂದು ಗುಂಡಿಯೂ ಇಲ್ಲ ಎಂದೆ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ
ಒಂಬತ್ತು ಸಾವಿರ ಲುಮೆನ್ಸ್.
ಒಳ್ಳೆಯ ಹುಡುಗ, ದನಿ ತಗ್ಗಿಸಿದ:
'ಅದು ಪೆಟ್ಟಿಗೆಯ ಬೆಳಕು ಆಂಟಿ, ಬಲ್ಬಿನದ್ದಲ್ಲ.
ಫೋರ್ ಕೆ ಅಂತ ಬರೆದದ್ದೂ ಹಾಗೆಯೇ,
ತಗೊಳ್ತದೆ, ತೋರಿಸುವುದಿಲ್ಲ.'
ನನಗೆ ಹೊಸತಲ್ಲ. ಅಪ್ಪಟ ರೇಶ್ಮೆ ಎಂದು ತಂದುಕೊಡುತ್ತಾರೆ,
ಇಸ್ತ್ರಿ ಪೆಟ್ಟಿಗೆ ತಾಗಿದಾಗ ವಾಸನೆ ಬೇರೆಯೇ ಬರುತ್ತದೆ.

ಕತ್ತಲೆ ಮಾಡಿ ತೋರಿಸು ಎಂದೆ.
ಗೋಡೌನಿನ ಬಾಗಿಲು ಎಳೆದು ಮೂರನ್ನು ಹಚ್ಚಿದ.
ಒಂದಕ್ಕೆ ಚಟ್ನಿ ಅರೆಯುವ ಸದ್ದು.
ಇನ್ನೊಂದರಲ್ಲಿ ಎಲ್ಲರಿಗೂ ಕಾಮಾಲೆ.
ಮೂರನೆಯದು ಮೇಲೆ ಅಗಲ, ಕೆಳಗೆ ಕಿರಿದು,
ಒಳಲಂಗದ ಪೀಸು ತಲೆಕೆಳಗಾಗಿ ಹಿಡಿದಂತೆ.
'ಕೀಸ್ಟೋನ್ ಉಂಟು' ಎಂದು ಏನೋ ಒತ್ತಿದ, ನೇರವಾಯಿತು.
ಫೋಕಸ್ ಮಾತ್ರ ನಾನೇ ತಿರುಗಿಸಿದೆ,
ಸೂಜಿಗೆ ದಾರ ಏರಿಸುವ ಅದೇ ಒಂದು ಕಣ್ಣಿನಿಂದ.
ಅಕ್ಷರ ಅಂಚಿನ ನೂಲು ಬಿಡದೆ ನಿಂತಿತು.

'ಇದು ಮೇಲೆ ನೋಡ್ತದಾ?'
'ಎಂತ?'
'ಮಾಡಿಗೆ. ಮಲಗಿದವರಿಗೆ.'
ನೌಫಾಲ್ ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಒಂದು ಸ್ಟ್ಯಾಂಡ್ ಹುಡುಕಿ ತಂದು ಬಗ್ಗಿಸಿದ,
ಸ್ಲ್ಯಾಬಿನ ಮೇಲೆ ಯಾವುದೋ ಸಮುದ್ರ
ಅಂಗಾತ ಮಲಗಿತು.
ಸ್ಟ್ಯಾಂಡಿನ ದುಡ್ಡನ್ನು ಬಿಲ್ಲಿನಲ್ಲಿ ಬರೆಯಲಿಲ್ಲ.

ಬೋಳಾರದ ನಮ್ಮ ಮಾಡು ಸ್ಲ್ಯಾಬಲ್ಲ, ಇಳಿಜಾರು.
ಬಿಳಿ ಪಾಪ್ಲಿನ್ ಐದು ಮೀಟರ್ ತಂದೆ.
ಜೋಡಿಸಿದರೆ ನಡುವೆ ಹೊಲಿಗೆ,
ಹೊಲಿಗೆ ಬಂದರೆ ಯಾರದ್ದಾದರೂ ಮೂಗಿನ ಮೇಲೆ.
ಅದನ್ನು ಬದಿಗೆ ಸರಿಸಿದೆ. ಒಂದಗಲ ಹಿರಿದು, ಒಂದು ಕಿರಿದು.
ಸುತ್ತ ಹುಕ್ಕು, ಕಾಜ. ಪಕಾಸಿಗೆ ಲಾಡಿ.
ಏಣಿ ಹಿಡಿದ ಪಕ್ಕದ ಮನೆ ವಿಲ್ಮಾ ಕೇಳಿದಳು,
'ಮಾಡಿಗೆ ಒಳಲಂಗ ಹೊಲಿದದ್ದಾ?'

ಆ ರಾತ್ರಿ ಕ್ರಿಕೆಟ್.
ಬಟ್ಟೆಗೆ ಇಳಿದ ಹಲ್ಲಿ ಎರಡು ಓವರು ಸ್ಲಿಪ್ಪಿನಲ್ಲೇ ನಿಂತು
ಕ್ಯಾಚು ಬಿಟ್ಟಿತು.
ಇವರು ನಕ್ಕರು, ಸೊಂಟ ನೋವಾಗಿ ಹಲ್ಲಿಗೆ ಬೈದರು,
ಬೈಯುತ್ತಾ ಮತ್ತೆ ನಕ್ಕರು.

ಬೆಳಿಗ್ಗೆ ಮಾತ್ರ,
'ಗಂಟೆ ಎಷ್ಟು?' ಎಂದರು.
ಹೇಳಿದೆ. ಮತ್ತೆ ಕೇಳಿದರು.
ನಾಲ್ಕನೆಯ ಸಲ ನಾನು ಮೆಷಿನ್ ನಿಲ್ಲಿಸಿ ಮೇಲೆ ನೋಡಿದೆ.

ಗಾಜಿನ ಹೆಂಚು ಒಂದಿತ್ತು ಅಲ್ಲಿ.
ಬಿಸಿಲಿನ ತುಂಡು ಒಂಬತ್ತಕ್ಕೆ ಕ್ಯಾಲೆಂಡರಿನ ಮೇಲೆ,
ಹನ್ನೊಂದಕ್ಕೆ ನನ್ನ ಮೆಷಿನ್ನಿನ ಚಕ್ರ,
ಎರಡೂವರೆಗೆ ಇವರ ಎದೆ.
ಇಪ್ಪತ್ತು ದಿನ ಇವರು ನೋಡಿದ್ದು ಅದನ್ನೇ,
ನಾನು ಅದರ ಮೇಲೆ ಪಾಪ್ಲಿನ್ ಹೊದಿಸಿದ್ದೆ.
'ಪರವಾಗಿಲ್ಲ,' ಎಂದರು ಇವರು.
'ಅದಕ್ಕೆ ಫ್ಯಾನಿನ ಸದ್ದೂ ಇರಲಿಲ್ಲ.'

ಈಗ ದಿನಾ ಬೆಳಿಗ್ಗೆ ಏಣಿ ಹತ್ತಿ
ಒಂದು ಬದಿಯ ಏಳು ಹುಕ್ಕು ಬಿಚ್ಚುತ್ತೇನೆ,
ಸಂಜೆ ಹಾಕುತ್ತೇನೆ.
ಮದುವೆ ಭಾನುವಾರ, ಇನ್ನೂ ಎರಡು ರವಿಕೆಗೆ ತೋಳಿಲ್ಲ.
ತಲೆ ತಗ್ಗಿಸಿ ಹೊಲಿಯುತ್ತಿದ್ದರೆ ಹಿಂದಿನಿಂದ ದನಿ:
'ಬಿಸಿಲು ಚಕ್ರಕ್ಕೆ ಬಂತು.
ಚಾ ಇಡುವುದಿಲ್ಲವಾ?'