ಇಪ್ಪತ್ತೆರಡನೆಯ ಸರದಿ

ಲ್ಯಾಕವಾನಾದ ಗುಜರಿ ಅಂಗಳದಲ್ಲಿ ತೂಕದ ಕೋಣೆ ನನ್ನದು.
ಲಾರಿ ಬರುತ್ತದೆ, ಹಲಗೆ ಹತ್ತುತ್ತದೆ,
ಮುಳ್ಳು ಒಂದಿಷ್ಟು ತೂಗಾಡಿ ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಮೂವತ್ತೊಂದು ವರ್ಷ.
ಕಬ್ಬಿಣ ನನಗೆ ಸುಳ್ಳು ಹೇಳಿದ್ದಿಲ್ಲ.

ಏಪ್ರಿಲ್ ಬಂತೆಂದರೆ ಮಾತ್ರ
ಅದೇ ಮೇಜಿನ ಮೇಲೆ ಹುಡುಗರನ್ನು ತೂಗಲು ಕೂರುತ್ತೇನೆ.
ಆರಡಿ ಐದಂಗುಲ. ಮುನ್ನೂರ ಹನ್ನೆರಡು ಪೌಂಡು.
ತೋಳು ಮೂವತ್ತನಾಲ್ಕು, ಅಂಗೈ ಹರವು ಹತ್ತು,
ನಲವತ್ತು ಗಜಕ್ಕೆ ಐದು ಸೆಕೆಂಡು, ಒಂದು ಕೂದಲು ಕಡಿಮೆ.
ಕೂಸು ಹುಟ್ಟುವ ಮುನ್ನ ಕುಲಾವಿ ಅನ್ನುತ್ತಾರಲ್ಲ,
ನಾನು ಮೂವತ್ತೆರಡು ಮನೆಗೆ ಕುಲಾವಿ ಹೊಲಿಯುವವಳು.

ಲೆಕ್ಕದ ಪುಸ್ತಕ ಶುರುಮಾಡಿದ್ದು ಭಾವ ಕ್ಯಾಸಿಮಿರ್.
ಮೊದಲ ಪುಟಗಳಲ್ಲಿ ಅವನ ಅಕ್ಷರ, ಎಡಕ್ಕೆ ವಾಲಿದ್ದು,
ಸಾಲಿನ ಕೊನೆಗೆ ಹಸಿರು ಗೀಟು, ಇಲ್ಲವೇ ಕೆಂಪು ಕತ್ತರಿ.
'ಗೋಡೆ ಮೊದಲು, ವರ್ನಾ, ಕಿಟಕಿ ಆಮೇಲೆ' ಅನ್ನುತ್ತಿದ್ದ.
ಅಂದರೆ, ಚೆಂಡು ಹಿಡಿದು ಓಡುವ ಚೆಲುವರು ಇರಲಿ,
ಎಸೆಯುವವನ ಬೆನ್ನ ಹಿಂದೆ
ಅವನಿಗೆ ಕಾಣದ ಕಡೆಯಿಂದ ಬರುವವನನ್ನು
ತಡೆದು ನಿಲ್ಲುವವ ಬೇಕು.
ಹತ್ತೊಂಬತ್ತು ವರ್ಷ. ಗೀಟು ಎರಡೇ ಎರಡು.
ಅದರಲ್ಲೊಬ್ಬ ಎರಡನೇ ಆಟಕ್ಕೇ ಮಂಡಿ ಮುರಿದುಕೊಂಡು
ಈಗ ಎರೀಯಲ್ಲಿ ಹಳೇ ಕಾರು ಮಾರುತ್ತಾನೆ.
ಹೇಳಿದ್ದು ಸರಿ. ಆದದ್ದು ತಪ್ಪು.
ಅದಕ್ಕೆ ಯಾವ ಬಣ್ಣ ಅಂತ ಕ್ಯಾಸಿಮಿರ್ ಹೇಳದೆ ಹೋದ.

ಈ ಸಲ ನನ್ನ ಗೋಡೆಯ ಹೆಸರು ಹಾಲ್ವರ್ ಸ್ಟೆನ್ಸ್‌ರುಡ್.
ಆಯೊವಾದಲ್ಲಿ ಜನಕ್ಕಿಂತ ಹಂದಿಗಳೇ ಹೆಚ್ಚಿರುವ ಊರಿನವನು.
ಅವನ ಆಟ ಎಷ್ಟು ರಾತ್ರಿ ನೋಡಿದೆನೋ,
ಅವನ ಅಮ್ಮನೂ ನೋಡಿರಲಾರಳು.
ಪ್ರತಿ ಸಲ ಬಿದ್ದೆದ್ದ ಮೇಲೆ
ಬಲಗೈಯನ್ನು ಎಡತೋಳಿಗೆ ಒರೆಸಿಕೊಳ್ಳುತ್ತಾನೆ,
ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಂಡ ಹಾಗೆ.
ಇದನ್ನು ಯಾರೂ ಅಳೆದಿಲ್ಲ. ನಾನೂ ಬರೆದುಕೊಂಡಿಲ್ಲ.

ಕ್ರೇನಿನ ಲೂಶಿಯಸ್‌ಗೆ ಓಡುವ ಹುಡುಗನೇ ಬೇಕು.
'ಗೋಡೆ ನೋಡೋಕೆ ಯಾರು ದುಡ್ಡು ಕೊಡ್ತಾರೆ?'
ಚರ್ಚಿನ ಗುಮಾಸ್ತೆ ಬ್ರೊನಿಸ್ಲಾವಾಗೆ
ಹೆಸರಿನ ತುದಿಗೊಂದು 'ಸ್ಕಿ' ಇದ್ದರೆ ಸಾಕು.

ಗುರುವಾರ ರಾತ್ರಿ ಹೋಟೆಲಿನ ಟೀವಿಯ ಕೆಳಗೆ ಕೂತೆವು.
ಹದಿನೆಂಟು ಹೋದರು. ಇವನಿದ್ದ.
ಇಪ್ಪತ್ತು. ಇದ್ದ.
ಇಪ್ಪತ್ತೊಂದನೆಯವನು ಅಳುತ್ತ ಅಜ್ಜಿಯನ್ನು ಅಪ್ಪಿಕೊಂಡ,
ಕರುಳು ಚುರ್ ಅನ್ನಬೇಕಿತ್ತು,
ನಾನೋ, ಬೇಗ ಮುಗಿಸಪ್ಪಾ ಅಂದೆ.
ನಮ್ಮ ಸರದಿ.
ಹತ್ತು ನಿಮಿಷದ ಗಡಿಯಾರ ಇಳಿಯತೊಡಗಿತು.
ಆಲೂಗಡ್ಡೆ ಆರಿತು.
ಪರದೆಯಡಿ ಒಂದು ಸಾಲು ಹರಿದು ಹೋಯಿತು:
ನಮ್ಮವರು ಸರದಿಯನ್ನೇ ಮಾರಿದ್ದರು,
ಬೆಚ್ಚನೆ ಕಡಲ ದಂಡೆಯ ಇನ್ನೊಂದು ಊರಿಗೆ,
ಮುಂದಿನ ವರ್ಷದ ಯಾವುದೋ ಎರಡು ಸರದಿಯ ಸಾಲಕ್ಕೆ.

ಆ ಊರು ಕರೆದ ಹೆಸರು: ಸ್ಟೆನ್ಸ್‌ರುಡ್.

ಲೂಶಿಯಸ್ ನಗಲಿಲ್ಲ. ನನ್ನ ಲೋಟ ತುಂಬಿಸಿದ.
ಅಲ್ಲಿ ಅವನು ವೇದಿಕೆ ಹತ್ತಿದ, ಬಿಗಿಯಾದ ನೀಲಿ ಕೋಟು,
ತಲೆಗೆ ಕಿತ್ತಳೆ ಬಣ್ಣದ ಪರರ ಟೋಪಿ,
ಯಾರ್ಯಾರದೋ ಕೈ ಕುಲುಕಿದ,
ಆಮೇಲೆ, ತನಗೇ ತಿಳಿಯದೆ,
ಬಲಗೈಯನ್ನು ಎಡತೋಳಿಗೆ ಒರೆಸಿಕೊಂಡ.
'ನೋಡು, ನೋಡು' ಅಂದೆ.
ಏನನ್ನು ಎಂದು ಬ್ರೊನಿಸ್ಲಾವಾಗೆ ತಿಳಿಯಲಿಲ್ಲ.

ಬೆಳಿಗ್ಗೆ ಪುಸ್ತಕ ತೆರೆದು ಕೂತೆ.
ಹುಡುಗ ಸರಿ, ಸಂಖ್ಯೆ ಸರಿ, ಊರು ಬೇರೆ.
ಹಸಿರು ಹಿಡಿದೆ, ಇಟ್ಟೆ. ಕೆಂಪು ಹಿಡಿದೆ, ಇಟ್ಟೆ.
ಹೊರಗೆ ಮೊದಲ ಲಾರಿ ಹಾರನ್ ಹೊಡೆಯಿತು,
ಒಲೆಗಳು, ಸೈಕಲ್ಲುಗಳು, ಯಾರದೋ ಮಂಚದ ಕಾಲು.
ಹಲಗೆಯ ಮೇಲೆ ನಿಂತಿತು.
ಮುಳ್ಳು ಇನ್ನೂ ತೂಗಾಡುತ್ತಿತ್ತು.