ನಾಯಿ ಮಲಗಿದ ಸಾಲು

ಮನಗೂಳಿ ರಸ್ತೆಯ ಸಬ್‌ಸ್ಟೇಷನ್ನಿನ ಹಿಂದೆ
ಚಳಿಯ ನಸುಕಿನಲ್ಲಿ ಏಳು ನಾಯಿ,
ನೂಲು ಹಿಡಿದು ಗೆರೆ ಹೊಡೆದಂತೆ
ಒಂದೇ ಸಾಲಿನಲ್ಲಿ ಮಲಗಿದ್ದವು.

ದಸ್ತಗೀರ ಮಾಮಾ ಬೀಡಿ ಆರಿಸಿ, ಬಗ್ಗಿ
ಎರೆಮಣ್ಣಿಗೆ ಅಂಗೈ ಹಚ್ಚಿದ.
“ಎರಡೂ ತುದಿ ಕಟ್ಟ್ಯಾರ ಯಾರೋ,
ಭದ್ರ ಇರ್ಲಿ ಅಂತ.”

ನಾನೇ ಕಟ್ಟಿಸಿದ್ದೆ.

ಊರಿನ ಭಾರ ಹೊರುವುದು ನಡುವಿನ ತಾಮ್ರ;
ಮೇಲಿನ ಸೀಸದ ಕವಚಕ್ಕೆ ಆ ಕೆಲಸವಿಲ್ಲ.
ಆದರೂ ಮಗ್ಗುಲಲ್ಲಿ ಇದ್ದದ್ದಕ್ಕೇ
ಅದಕ್ಕೂ ಜೀವ ಬರುತ್ತದೆ.
ಎರಡು ಕಡೆ ನೆಲ ಸಿಕ್ಕರೆ
ಸುತ್ತತೊಡಗುತ್ತದೆ, ಗಾಣದೆತ್ತು.
ಎಣ್ಣೆಯಿಲ್ಲ, ಬರೀ ಬಿಸಿ.
ಇದನ್ನೆಲ್ಲ ಓದಿ ಪಾಸಾದವಳು ನಾನು.

ಲೈನ್ ಬಂದ್ ಮಾಡಿ, ಅರ್ಥ್ ರಾಡ್ ತಾಗಿಸಿ, ಬೋಲ್ಟು ಬಿಚ್ಚಿದೆವು.
ಈ ತುದಿ ನೆಲಕ್ಕೆ: ಇದ್ದಿಲು, ಉಪ್ಪು, ಎರಡು ಕೊಡ ನೀರು.
ಆ ತುದಿ ಬಿಡುವು. ಅಲ್ಲಿ ಪೆಟ್ಟಿಗೆಯೊಳಗೆ ಒಂದು ಅರೆಸ್ಟರ್,
ಸಿಡಿಲಿನಂಥದು ಬಂದಾಗಷ್ಟೇ ಬಾಯಿ ತೆರೆಯುವಂಥದು.
“ಬಿಟ್ಟೈತಿ ಅಂತ ಮುಟ್ಟಬ್ಯಾಡ, ತಂಗಿ.
ಕಟ್ಟದ ತುದ್ಯಾಗ ಹೊಡತ ಇರತೈತಿ.”
ಪೆಟ್ಟಿಗೆಯ ಮೇಲೆ ಕೆಂಪಿನಲ್ಲಿ ಅಪಾಯ ಎಂದು ಬರೆದೆ.
ಕೈ ನಡುಗಿ ‘ಯ’ ಸೊಟ್ಟಾಯಿತು.

ಯಾರ ತಪ್ಪೆಂದು ಅವನು ಕೇಳಲಿಲ್ಲ.
ರಿಜಿಸ್ಟರಿನಲ್ಲಿ ನನ್ನ ಸಹಿ ಇತ್ತು,
ಅವನಿಗೆ ಓದಲು ಬರುತ್ತಿತ್ತು.

ನಾಲ್ಕು ದಿನಕ್ಕೆ ಮಣ್ಣು ತಣ್ಣಗಾಯಿತು.
ನಾಯಿಗಳು ಬಂದವು, ಮೂಸಿದವು,
ಸುತ್ತು ಹಾಕಿದವು, ಮಲಗಲಿಲ್ಲ.
ಕುಂಟ ಕರಿಯದೊಂದು ಮಾತ್ರ ನಿಂತು
ನನ್ನ ಕಡೆ ನೋಡಿತು.

ಮಾಮಾ ಖಾಲಿ ಉಪ್ಪಿನ ಚೀಲ ಝಾಡಿಸಿ
ಅದರ ಮುಂದೆ ಹಾಸಿದ.