ಮಂಗಳವಾರ, ಎರಡೂಕಾಲು

ಮತ್ತಿಕೆರೆ, ಟೈರಂಗಡಿಯ ಮೇಲೆ ಎರಡನೇ ಮಹಡಿ. ಲಿಫ್ಟಿಲ್ಲ.
ಚಪ್ಪಲಿ ಮೆಟ್ಟಿಲ ತಿರುವಿನಲ್ಲೇ ಬಿಡಿ,
ಮೇಲೆ ಬಿಟ್ಟರೆ ಪಕ್ಕದ ಹಲ್ಲಿನ ಡಾಕ್ಟರು ರೇಗುತ್ತಾರೆ.
ಬೆಲ್ ಒತ್ತಬೇಡಿ. ಬಾಗಿಲ ಮೇಲಿನ ಕೆಂಪು ದೀಪ
ಆರುವ ತನಕ ಕಾಯಿರಿ.

ಇಷ್ಟನ್ನೂ ಫೋನಿನಲ್ಲಿ ಹೇಳಿದ ಮಾನ್ವಿತಾಗೆ ಇಪ್ಪತ್ತಾರು.
ನನಗೆ ನಲವತ್ತೊಂಬತ್ತು.
"ಮಗಳನ್ನ ಸೇರಿಸೋಕಾ ಆಂಟಿ?"
ಅಲ್ಲ, ನಾನೇ.
ಫಾರಂ ತನ್ನ ಕಡೆ ತಿರುಗಿಸಿಕೊಂಡು
ಪೋಷಕರ ಸಹಿ ಅನ್ನುವಲ್ಲಿ ಒಂದು ಗೀಟೆಳೆದಳು.
ಅಂದಿನಿಂದ ನಾನು ಮೇಡಂ ಅನ್ನುತ್ತೇನೆ,
ಅವಳು ನನ್ನನ್ನು ಏನೂ ಅನ್ನುವುದಿಲ್ಲ.

ತಿಂಗಳಿಗೆ ನಾಲ್ಕು ಪಾಠ, ಎರಡು ಸಾವಿರದ ನಾನೂರು.
ಐದನೇ ಮಂಗಳವಾರ ಬಿದ್ದರೆ ರಜೆ.
ಹಿಂದಿನ ರಾತ್ರಿ ಎಂಟರೊಳಗೆ ತಿಳಿಸಿದರೆ ಪಾಠ ಮುಂದಕ್ಕೆ,
ಇಲ್ಲವಾದರೆ ಹಣ ಹೋಯಿತು.
ವೀಣೆ ಇಲ್ಲೇ ಇಡುವುದಾದರೆ ಇನ್ನೂರು ಹೆಚ್ಚು.
ಇಡದೆ ಏನು ಮಾಡಲಿ? ಒಮ್ಮೆ ಜಾಲಹಳ್ಳಿ ಬಸ್ಸಿಗೆ ಹತ್ತಿಸಿ ನೋಡಿದೆ:
ನನಗೆ ಟಿಕೆಟ್ ಬಿಟ್ಟಿ, ವೀಣೆಗೆ ಲಗೇಜು ಹರಿದ ಕಂಡಕ್ಟರು.
ಅದೂ ಹೆಂಗಸೇ ಅಲ್ವೇನಪ್ಪಾ ಅನ್ನಬಹುದಿತ್ತು.
ತೋಚಿದ್ದು ಮನೆಗೆ ಬಂದಮೇಲೆ.

ಚೀಟಿ ಎತ್ತಿ ಕೊಂಡದ್ದು, ಸೆಕೆಂಡ್ ಹ್ಯಾಂಡ್, ಬುರುಡೆಗೊಂದು ಬಿರುಕು.
ಡ್ರಮ್ಮುಗಳ ಪಕ್ಕ, ಮೂಲೆಯಲ್ಲಿ, ಹಳೇ ಬೆಡ್‌ಶೀಟು ಹೊದ್ದು ಮಲಗಿರುತ್ತದೆ.
ಅದಲುಬದಲಾಗದಿರಲೆಂದು ಲ್ಯಾಬಿನ ಚೀಟಿಯೊಂದನ್ನು ಅಂಟಿಸಿದ್ದೇನೆ:
ಹೆಸರು ಜಯಶೀಲಾ. ವಯಸ್ಸು ನಲವತ್ತೊಂಬತ್ತು. ಖಾಲಿ ಹೊಟ್ಟೆ.

ಹೌದು, ನಾನು ರಕ್ತ ತೆಗೆಯುವವಳು.
ಬೆಳಿಗ್ಗೆ ಆರರಿಂದ ಒಂದೂವರೆಯವರೆಗೆ
ಕಾಫಿ ಕುಡಿಯದೆ ಮುಖ ಸಿಂಡರಿಸಿಕೊಂಡು ಕೂತವರ ಸಾಲು.
ಹಸಿರಾಗಿ ಮೆರೆಯುವ ನರವನ್ನು ನಂಬಬಾರದು, ಸೂಜಿ ಕಂಡರೆ ಜಾರುತ್ತದೆ.
ಕಾಣದ್ದು, ಒತ್ತಿದರೆ ಮೆತ್ತಗೆ ಮೇಲೇಳುವುದು, ಅದು ನಿಜವಾದದ್ದು.
ಅದನ್ನು ಹುಡುಕುವುದು ನನ್ನ ಎಡಗೈ ತೋರುಬೆರಳು.
ಇಪ್ಪತ್ತೆರಡು ವರ್ಷದಿಂದ ಅದೇ ಬೆರಳಿನ ಅನ್ನ.

ವೀಣೆಗೂ ಬೇಕಾದದ್ದು ಅದೇ ಬೆರಳು.
ಮೊದಲ ತಿಂಗಳು ಉರಿ, ಎರಡನೆಯದರಲ್ಲಿ ಗುಳ್ಳೆ.
ನಾಲ್ಕನೆಯದಕ್ಕೆ ಸರಳೆ ಸುಮಾರಾಗಿ ಬಂತು,
ತುದಿಯಲ್ಲಿ ತಂತಿ ಕೊರೆದ ಗೆರೆ, ಸುತ್ತ ಜಡ್ಡು.
ಆ ವಾರ ಸಂಜೀವಮ್ಮನ ಕೈಯಲ್ಲಿ ನರ ಸಿಗಲಿಲ್ಲ.
ಎರಡು ಸಲ ಚುಚ್ಚಿದೆ.
"ಒಂದೇ ಚುಚ್ಚು ಕಣೇ ನಿಂದು ಯಾವತ್ತೂ. ಏನಾಯ್ತು?"
ಎಂಬತ್ತು ದಾಟಿದ ತೋಳಿನ ಮೇಲೆ ನೇರಳೆ ಹಣ್ಣಿನಷ್ಟು ಕಲೆ.

ಬಿಡುತ್ತೇನೆ ಎಂದು ಹೇಳಲೆಂದೇ ಹೋದೆ ಮಂಗಳವಾರ.
(ಅಡ್ವಾನ್ಸು ವಾಪಸ್ಸಿಲ್ಲ, ಅದೂ ಫಾರಮಿನಲ್ಲಿತ್ತು.)
ಮೇಡಂ ತನ್ನೆರಡು ಬೆರಳು ಚಾಚಿದಳು, ಗಾಡಿಜಾಡಿನಂಥ ಗೆರೆ.
"ಸಿಮ್ ತಗೊಳ್ಳೋಕೆ ಹೋದ್ರೆ ಮಿಷನ್ನು ಇವನ್ನ ಬೆರಳೇ ಅಲ್ಲ ಅನ್ನುತ್ತೆ.
ನಿಮ್ಮ ಉಂಗುರದ ಬೆರಳು ಸುಮ್ನೆ ಕೂತಿದೆಯಲ್ಲ, ಅದಕ್ಕೇ ಕಲಿಸಿ."

ಈಗಿನ ಏರ್ಪಾಡು ಹೀಗೆ:
ನಲವತ್ತು ನಿಮಿಷ ಅವಳ ಪಾಠ, ಕೊನೆಯ ಐದು ನನ್ನದು.
ಅವಳು ವೀಣೆಯ ದಂಡಿಯ ಮೇಲೆ ಮುಂಗೈ ಒರಗಿಸುತ್ತಾಳೆ,
ನಾನು ಉಂಗುರ ಕಳಚಿ, ರಬ್ಬರ್ ಪಟ್ಟಿ ಕಟ್ಟಿ, ಕಣ್ಣು ಮುಚ್ಚುತ್ತೇನೆ.
ದಡ್ಡ ಬೆರಳು. ಮೂಳೆಯನ್ನು ನರ ಅನ್ನುತ್ತದೆ, ನರವನ್ನು ದಾಟಿ ಹೋಗುತ್ತದೆ.
"ಮತ್ತೆ," ಅನ್ನುತ್ತಾಳೆ ಮೇಡಂ,
ನನ್ನ ಗಾಂಧಾರ ತಪ್ಪಿದಾಗ ಅನ್ನುವ ದನಿಯಲ್ಲೇ. "ಅವಸರ ಬೇಡ. ಮತ್ತೆ."
ಒಂದು ದಿನ, ಬೆರಳ ಕೆಳಗೆ, ಮೆತ್ತಗೆ.

"ಮುಂದಿನ ವಾರ ಐದನೇ ಮಂಗಳವಾರ, ನೆನಪಿದೆಯಲ್ಲ?"
ನೆನಪಿದೆ.
ಡ್ರಮ್ಮಿನ ಹುಡುಗ ಒಳಗೆ ಹೋದ, ದೀಪ ಕೆಂಪಾಯಿತು.
ಮೆಟ್ಟಿಲಲ್ಲಿ ಕರೆಂಟಿಲ್ಲ.
ತಿರುವಿನ ಕತ್ತಲಲ್ಲಿ ಹತ್ತಾರು ಜೊತೆ,
ನನ್ನದು ಯಾವುದೆಂದು ಕಾಲೇ ತಡವಿಕೊಂಡಿತು.